ತಕ್ಕಡಿಯ ಮಾತು ಕಂಪ್ಯೂಟರಿಗೆ ತಿಳಿಯುವ ಬಗೆ

ನಮ್ಮ ಉಕ್ಕಡಗಾತ್ರಿ ಕಡೆ ಮೆಕ್ಕೆಜೋಳ ಒಕ್ಕಿದ ಮೇಲೆ ಎಲ್ಲರ ಕಣ್ಣೂ ತಕ್ಕಡಿ ಮೇಲೆ. ಅಂಕಿ ಕೆಂಪಗೆ ಕಾಣತೈತಿ, ಸರಿ. ಆದರೆ ಚೀಟಿ ಮುದ್ರಿಸುವುದು ಪಕ್ಕದ ಕಂಪ್ಯೂಟರ್. ನಡುವೆ ಒಂದೇ ತಂತಿ. ಚೀಲಕ್ಕೆ ಅರ್ಧ ಕಿಲೋ ಆಚೀಚೆ ಆದರೂ ನೂರು ಚೀಲಕ್ಕೆ 50 ಕಿಲೋ. 2025-26ರ ಬೆಂಬಲ ಬೆಲೆ ಕ್ವಿಂಟಾಲಿಗೆ 2,400 ರೂಪಾಯಿ. ಅಲ್ಲಿಗೆ 1,200 ರೂಪಾಯಿ! ಆ ತಂತಿಯಲ್ಲಿ ಏನು ಹೋಗತೈತಿ ಅಂತ ಬೆಳೆದವರಿಗೂ ಗೊತ್ತಿರಲಿ.

ಮನೆಗೆ ತಂದ ಹಳೇ ತಕ್ಕಡಿಗೆ ಕೈಪಿಡಿ ಇರಲಿಲ್ಲ. ಡಿಪ್ಲೊಮಾ ಓದುವ ನಮ್ಮ ಅಣ್ಣನ ಮಗನ ಜೊತೆ ಕೂತು ಅದರ ಗುಟ್ಟು ಬಿಡಿಸಿದೆವು.

ಹಿಂದೆ ಒಂಬತ್ತು ಕಡ್ಡಿಯ ಸಾಕೆಟ್ ಇತ್ತು. ಇದೇ ಸೀರಿಯಲ್ ಪೋರ್ಟ್. 1960ರಲ್ಲಿ ಅಮೆರಿಕದಲ್ಲಿ ಗೊತ್ತುಮಾಡಿದ ಆರ್‌ಎಸ್-232 ಎಂಬ ಪದ್ಧತಿ. ಒಂಬತ್ತರಲ್ಲಿ ಮೂರು ಸಾಕು: 2, 3, ಮತ್ತು 5. ಐದನೆಯದು ಗ್ರೌಂಡ್. ಉಳಿದ ಎರಡರಲ್ಲಿ ಮಾತಾಡುವುದು ಯಾವುದು? ಮೋಟಾರ್ ನೋಡುವ ಮೀಟರೇ ಸಾಕು. ಡಿಸಿಗೆ ಇಟ್ಟು ಕಪ್ಪು ತಂತಿ 5ಕ್ಕೆ, ಕೆಂಪು ಉಳಿದವಕ್ಕೆ ಹಿಡಿಯಿರಿ. ಮಾತಾಡುವ ಕಡ್ಡಿ ಸುಮ್ಮನಿದ್ದಾಗ ಮೈನಸ್ 3ರಿಂದ 15 ವೋಲ್ಟ್ ತೋರಿಸತೈತಿ.

ಮುಂದಿನದು ವೇಗ. ಸೆಕೆಂಡಿಗೆ 1200, 2400, 4800, 9600 ಬಿಟ್... ಇದನ್ನೇ ಬಾಡ್ ರೇಟ್ ಅಂತಾರೆ. ಎರಡು ಕಡೆ ವೇಗ ಒಂದೇ ಇರದಿದ್ದರೆ ಪರದೆ ಮೇಲೆ ಕಸ ಬರತೈತಿ. ಒಂದೊಂದೇ ಹಾಕಿ ನೋಡುತ್ತ ಹೋದೆವು. ಓದುವಂಥ ಅಂಕಿ ಬಂದಾಗ ಸಾಲು ಇದ್ದದ್ದು ಹೀಗೆ: ಮೊದಲು ಎರಡಕ್ಷರ, ಆಮೇಲೆ ಪ್ಲಸ್, ಆಮೇಲೆ ತೂಕ.

ಮುಖ್ಯ ಆ ಎರಡಕ್ಷರ. 20 ಕಿಲೋ ಕಲ್ಲು ಇಟ್ಟಾಗ ‘ಯುಎಸ್’ ಬಂದು, ಕ್ಷಣ ಬಿಟ್ಟು ‘ಎಸ್‌ಟಿ’ ಆಯಿತು. ಅಂಕಿ ಅಲುಗಾಡುವಾಗ ಯುಎಸ್, ನಿಂತ ಮೇಲೆ ಎಸ್‌ಟಿ. ಎಲ್ಲ ತಕ್ಕಡಿಗೂ ಇದೇ ಅಕ್ಷರ ಅಂತಲ್ಲ, ಆದರೆ ಈ ರೀತಿ ಬಹಳ ಕಡೆ ಐತಿ. ಕಂಪ್ಯೂಟರಿನ ತಂತ್ರಾಂಶ ಈ ಗುರುತು ನೋಡದೆ ಅಂಕಿ ಎತ್ತಿಕೊಂಡರೆ? ಚೀಲ ಇನ್ನೂ ಅಲುಗುವಾಗಲೇ ಚೀಟಿ ಬಂದುಬಿಡತೈತಿ. ತಕ್ಕಡಿ ಸರಿ, ಚೀಟಿ ತಪ್ಪು. ಅದಕ್ಕೇ ನಾನು ಅಂಕಿ ನಿಂತ ಮೇಲೇ ಬಟನ್ ಒತ್ತಿ ಎನ್ನುತ್ತೇನೆ. ಪರದೆ ಮತ್ತು ಚೀಟಿ ಎರಡನ್ನೂ ನೋಡುತ್ತೇನೆ. ಹಮಾಲರು ಗೊಣಗುತ್ತಾರೆ, ಗೊಣಗಲಿ.

ಕೆಲವು ತಕ್ಕಡಿ ಬಿಡದೆ ಕಳಿಸುತ್ತಲೇ ಇರುತ್ತವೆ. ಇನ್ನು ಕೆಲವು ಪ್ರಿಂಟ್ ಬಟನ್ ಒತ್ತಿದಾಗ ಮಾತ್ರ. ಏನೂ ಬರದಿದ್ದರೆ ಕೆಟ್ಟಿದೆ ಅನ್ನುವ ಮೊದಲು ಆ ಬಟನ್ ಒತ್ತಿ ನೋಡ್ರಿ.

ಈಗಿನ ಲ್ಯಾಪ್‌ಟಾಪಿಗೆ ಈ ಸಾಕೆಟ್ ಇರುವುದಿಲ್ಲ, ಯುಎಸ್‌ಬಿ ಪರಿವರ್ತಕ ಬೇಕು. ಐದು ವೋಲ್ಟಿನ ಸಣ್ಣ ಬೋರ್ಡಿಗೆ ನೇರ ಕೊಡಬೇಡಿ, ಸುಟ್ಟೀತು. ತಕ್ಕಡಿಯ ಸೀಲು ಮಾತ್ರ ಯಾರೂ ಮುಟ್ಟಬಾರದು. ಅದು ಕಾನೂನು ಮಾಪನ ಇಲಾಖೆಯ ಮುದ್ರೆ.