ಜೋಳದಿಂದಲೂ ಚೀಲ!

ಅಕ್ಕ, ನೀವು ಸಂತೆಗೆ ಹೋಗುತ್ತೀರಿ. ಕಡೂರು, ತರೀಕೆರೆ ಇಲ್ಲವೇ ಅಜ್ಜಂಪುರ. ಈರುಳ್ಳಿಗೆ ಒಂದು ಕವರು. ಟೊಮೇಟೊಗೆ ಒಂದು ಕವರು. ಮನೆಗೆ ಬಂದ ಮೇಲೆ ಅದೇ ಕವರಿನಲ್ಲಿ ಸಿಪ್ಪೆ ಕಟ್ಟಿ ಬೀದಿಗೆ ಹಾಕುತ್ತೇವೆ. ಹಸು ಬರುತ್ತದೆ. ಗಂಟು ಬಿಚ್ಚಿ ತಿನ್ನೋಕೆ ಅದಕ್ಕೆ ಕೈ ಇದೆಯಾ? ಕವರಿನ ಸಮೇತ ನುಂಗುತ್ತದೆ.

ನುಂಗಿದ ಪ್ಲಾಸ್ಟಿಕ್ ಅರಗುವುದಿಲ್ಲ. ಮೆಲುಕು ಹಾಕುವ ಹೊಟ್ಟೆಯಲ್ಲೇ ಉಂಡೆಯಾಗಿ ಕೂರುತ್ತದೆ. ಹಸು ಮೇವು ಬಿಡುತ್ತದೆ. ಹೊಟ್ಟೆ ಉಬ್ಬುತ್ತದೆ. ಹಾಲು ಕಡಿಮೆ ಆಗುತ್ತದೆ. ಜೀವವೇ ಹೋಗಬಹುದು. ಅಜ್ಜಂಪುರ ಅಮೃತಮಹಲ್ ದನಗಳಿಗೆ ಹೆಸರಾದ ಊರು. ದನದ ಬೆಲೆ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮಾಮೂಲಿ ಪ್ಲಾಸ್ಟಿಕ್ಕನ್ನು ನೆಲದಾಳದ ಕಚ್ಚಾ ಎಣ್ಣೆ ಮತ್ತು ಅನಿಲದಿಂದ ಮಾಡುತ್ತಾರೆ. ಅದು ಬೇಗ ಕೊಳೆಯುವುದಿಲ್ಲ. ಚೂರು ಚೂರಾಗಿ ಹೊಲದ ಮಣ್ಣಿನಲ್ಲೇ ಉಳಿಯುತ್ತದೆ.

ಇದಕ್ಕೆ ಬದಲಿ ಇದೆಯಾ? ಇದೆ. ಅದರ ಹೆಸರು ಜೈವಿಕ ಪ್ಲಾಸ್ಟಿಕ್. ಬೆಳೆಯಿಂದ ಮಾಡಿದ ಪ್ಲಾಸ್ಟಿಕ್ ಎಂದು ಅರ್ಥ.

ಅದನ್ನು ಮಾಡುವುದು ಹೇಗೆ? ಮುಸುಕಿನ ಜೋಳದಲ್ಲಿ ಪಿಷ್ಟ ಇರುತ್ತದೆ. ಪಿಷ್ಟವನ್ನು ಸಕ್ಕರೆ ಮಾಡುತ್ತಾರೆ. ಆ ಸಕ್ಕರೆಯನ್ನು ಹುಳಿ ಬರಿಸುತ್ತಾರೆ. ನಾವು ಹಾಲಿಗೆ ಹೆಪ್ಪು ಹಾಕುತ್ತೇವಲ್ಲ, ಹಾಗೇ. ಮೊಸರಿನಲ್ಲಿರುವ ಹುಳಿಯೇ ಇಲ್ಲೂ ಹುಟ್ಟುತ್ತದೆ. ಕಾರ್ಖಾನೆಯಲ್ಲಿ ಆ ಹುಳಿಯ ಕಣಗಳನ್ನು ಸರದ ಮಣಿಯಂತೆ ಪೋಣಿಸುತ್ತಾರೆ. ಪ್ಲಾಸ್ಟಿಕ್ ಸಿದ್ಧ! ಅದರಿಂದ ಚೀಲ, ಲೋಟ, ಚಮಚ ಮಾಡುತ್ತಾರೆ.

“ಜೋಳದ್ದು ತಾನೇ, ದನ ತಿಂದರೇನು?” ಅಂತೀರಾ? ಬೇಡ ಅಕ್ಕ. ಅದು ರೊಟ್ಟಿ ಅಲ್ಲ. ಈ ಪ್ಲಾಸ್ಟಿಕ್ ಚೆನ್ನಾಗಿ ಕೊಳೆಯಲು ಸುಮಾರು 60 ಡಿಗ್ರಿ ಬಿಸಿ ಬೇಕು. ತೇವವೂ ಬೇಕು. ದೊಡ್ಡ ಗೊಬ್ಬರ ಘಟಕದಲ್ಲಿ ಮಾತ್ರ ಅಷ್ಟು ಬಿಸಿ ಬಹಳ ದಿನ ನಿಲ್ಲುತ್ತದೆ. ನಮ್ಮ ಮನೆಯ ತಿಪ್ಪೆಯಲ್ಲಿ ನಿಲ್ಲುವುದಿಲ್ಲ. ಬೀದಿಗೆ ಎಸೆದರೆ ಇದೂ ಕಸವೇ. ಬೆಲೆಯೂ ಹೆಚ್ಚು.

ಕೊಳೆಯುವ ಚೀಲ ಎಂದು ಮಾರುವವರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಪಡೆದಿರಬೇಕು. ಚೀಲದ ಮೇಲೆ ‘ಕಾಂಪೋಸ್ಟಬಲ್’ ಎಂದು ಅಚ್ಚಾಗಿರಬೇಕು. ಇಂಗ್ಲಿಷ್ ಅಕ್ಷರ ಇದ್ದರೆ ಮಕ್ಕಳ ಹತ್ತಿರ ಓದಿಸಿ. ಬರೀ ಹಸಿರು ಬಣ್ಣ ನೋಡಿ ಮೋಸ ಹೋಗಬೇಡಿ.

ನಮ್ಮ ಸೀಮೆಯಲ್ಲೇ ಒಳ್ಳೆಯ ಬದಲಿಗಳಿವೆ. ತರೀಕೆರೆ, ಬೀರೂರು ಕಡೆ ಅಡಿಕೆ ತೋಟಗಳಿವೆ. ಉದುರಿದ ಹಾಳೆಯನ್ನು ತೊಳೆದು, ನೆನೆಸಿ, ಬಿಸಿ ಅಚ್ಚಿನಲ್ಲಿ ಒತ್ತಿದರೆ ತಟ್ಟೆ ಆಗುತ್ತದೆ. ಅಂಟು ಬೇಡ. ಹಾಳೆಗೆ ಬೂಷ್ಟು ಹಿಡಿದಿರಬಾರದು, ಅಷ್ಟೇ. ಬಾಳೆ ಎಲೆ, ಮುತ್ತುಗದ ಎಲೆ ಇದ್ದೇ ಇವೆ. ಊಟ ಆದ ಮೇಲೆ ಇವು ತಿಪ್ಪೆಯಲ್ಲೇ ಗೊಬ್ಬರ.

ಕರ್ನಾಟಕ ಸರ್ಕಾರ 2016ರಲ್ಲಿ ಪ್ಲಾಸ್ಟಿಕ್ ಕೈಚೀಲ ನಿಷೇಧಿಸಿತು. 2022ರ ಜುಲೈ 1ರಿಂದ ದೇಶದಲ್ಲೆಲ್ಲಾ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳಿಗೂ ನಿಷೇಧ ಬಂತು. ಕಾನೂನು ಬಂದರೆ ಸಾಲದು. ನಮ್ಮ ಕೈಯೂ ಬದಲಾಗಬೇಕು.

ಹಳೆಯ ಸೀರೆಯಿಂದ ಒಂದು ಚೀಲ ಹೊಲಿಯಿರಿ. ಬಾಗಿಲ ಹತ್ತಿರ ಮೊಳೆಗೆ ನೇತು ಹಾಕಿ. ಮುಂದಿನ ಸಂತೆಗೆ ಮರೆಯದೆ ಒಯ್ಯಿರಿ. ಸಿಪ್ಪೆಯನ್ನು ಕವರಿಲ್ಲದೆ ಹಸುವಿನ ಮುಂದೆ ಹಾಕಿ.

ಯೋಚಿಸಿ, ಮಾತಾಡಿ: ನಿಮ್ಮ ಮನೆಗೆ ಒಂದು ವಾರಕ್ಕೆ ಎಷ್ಟು ಕವರು ಬರುತ್ತವೆ? ಎಣಿಸಿ ಬರೆಯಿರಿ.