ಹಳೇ ಪೇಪರಿನ ನಡುವೆ ಒಂದು ತುಂಬೆ ಗಿಡ

ಸಸ್ಯಶಾಸ್ತ್ರದ ಎಂ.ಎಸ್ಸಿ.ಗೆ ಸೇರಿದ ಹೊಸತರಲ್ಲಿ ನಾನು ಒತ್ತಿ ಒಣಗಿಸಲು ಹೊರಟ ಮೊದಲ ಗಿಡ ತುಂಬೆ. ಮಳೆ ಬಿದ್ದರೆ ಹೊಲದ ಬದುವಿನಲ್ಲಿ ತಾನೇ ಏಳುವ, ಶಿವಪೂಜೆಗೆ ಬಿಡಿಸುವ, ಮಕ್ಕಳು ಹೂ ಕಿತ್ತು ಬುಡದ ಜೇನು ಹೀರುವ ಅದೇ ತುಂಬೆ. ಬೇರು ಸಮೇತ ಕಿತ್ತೆ, ಮಣ್ಣು ತೊಳೆದೆ, ಹಳೇ ಪೇಪರಿನ ನಡುವೆ ಇಟ್ಟು ಮೇಲೆ ದಪ್ಪ ಪುಸ್ತಕಗಳನ್ನು ಹೇರಿದೆ. ವಾರ ಬಿಟ್ಟು ತೆಗೆದರೆ ಎಲೆಯೆಲ್ಲ ಕಪ್ಪಾಗಿ, ಕಾಂಡದ ಮೇಲೆ ಬೂಷ್ಟು ಹಿಡಿದಿತ್ತು.

ಮೇಷ್ಟ್ರು ಬೈಯಲಿಲ್ಲ. ‘ಪೇಪರು ಎಷ್ಟು ಸಲ ಬದಲಾಯಿಸಿದೆ?’ ಎಂದರು. ಒಂದು ಸಲವೂ ಇಲ್ಲ. ‘ಎಲ್ಲಿ ಕಿತ್ತೆ, ಯಾವತ್ತು ಕಿತ್ತೆ, ಬರೆದಿದ್ದೀಯಾ?’ ಅದೂ ಇಲ್ಲ. ‘ಹಾಗಾದರೆ ಇದು ಒಣಗಿದ ಗಿಡ ಅಷ್ಟೇ ಕಣಮ್ಮ, ಸ್ಪೆಸಿಮೆನ್ ಅಲ್ಲ. ಇನ್ನೊಂದು ತಗೊಂಡು ಬಾ’ ಎಂದರು.

ಒಣಗಿದ ಗಿಡಕ್ಕೂ ಸ್ಪೆಸಿಮೆನ್‌ಗೂ ಇರುವ ಈ ವ್ಯತ್ಯಾಸವನ್ನು ಕಲಿಸುವ ಸಂಗ್ರಹಕ್ಕೆ, ಅಂಥ ಸ್ಪೆಸಿಮೆನ್‌ಗಳನ್ನು ತಲೆಮಾರುಗಳ ಕಾಲ ಕಾಯುವ ಮನೆಗೆ ಹರ್ಬೇರಿಯಂ ಎಂದು ಹೆಸರು. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿದವರೆಲ್ಲ ಅದನ್ನು ಬಲ್ಲರು. ಪ್ರಾಕ್ಟಿಕಲ್ ಪರೀಕ್ಷೆಯ ದಿನ ರೆಕಾರ್ಡ್ ಪುಸ್ತಕದ ಜೊತೆ ಮೇಜಿನ ಮೇಲೆ ಇಡಬೇಕಾದ ಹಾಳೆಗಳ ಕಟ್ಟು ಅದು. ಎಷ್ಟೋ ಮಂದಿಗೆ ಅದು ಅಂಕಕ್ಕಾಗಿ ಮಾಡಿ ಮರೆಯುವ ಕೆಲಸ. ಈ ಓದಿನ ಉಳಿದದ್ದೆಲ್ಲ ನಿಂತಿರುವುದು ಆ ಹಾಳೆಯ ಮೇಲೆಯೇ ಎಂಬುದು ನನ್ನ ನಂಬಿಕೆ.

ಗಿಡ ಹಾಳೆಯಾಗುವ ಬಗೆ

ಕೆಲಸ ಶುರುವಾಗುವುದು ಕೀಳುವ ಮೊದಲೇ. ಹೂವೋ ಕಾಯೋ ಇಲ್ಲದ ರೆಂಬೆಯಿಂದ ಗುರುತು ಹಿಡಿಯುವುದು ಕಷ್ಟ. ಸಣ್ಣ ಗಿಡವಾದರೆ ಬೇರು ಸಮೇತ, ಮರವಾದರೆ ಎಲೆ, ಹೂ, ಕಾಯಿ ಇರುವ ಒಂದು ಅಡಿಯಷ್ಟು ಟೊಂಗೆ. ಅಲ್ಲಿ ಇರುವುದೇ ಎರಡು ಮೂರು ಗಿಡವಾದರೆ ಕೈ ಹಿಂದೆಗೆದು ಫೋಟೊ ತೆಗೆದುಕೊಂಡು ಬರಬೇಕು. ಕಾಡಿನೊಳಗಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು.

ಕಿತ್ತ ಕೂಡಲೇ, ಅಲ್ಲೇ ನಿಂತು ಫೀಲ್ಡ್ ಪುಸ್ತಕದಲ್ಲಿ ಬರೆಯಬೇಕು. ಹೂವಿನ ಬಣ್ಣ, ವಾಸನೆ, ತೊಟ್ಟು ಮುರಿದರೆ ಹಾಲು ಬರುತ್ತದೆಯೇ, ಮರ ಎಷ್ಟು ಎತ್ತರ, ನೆಲ ಕೆಮ್ಮಣ್ಣೋ ಎರೆಯೋ ಕಲ್ಲೋ, ಊರಿನವರು ಏನೆಂದು ಕರೆಯುತ್ತಾರೆ. ಒಣಗಿದ ಮೇಲೆ ಇದಾವುದೂ ಗಿಡದಲ್ಲಿ ಉಳಿಯುವುದಿಲ್ಲ.

ಆಮೇಲೆ ಪ್ರೆಸ್. ಎರಡು ಮರದ ಚೌಕಟ್ಟು, ನಡುವೆ ಪೇಪರಿನ ಮಡಿಕೆಗಳು, ಬಿಗಿಯಲು ಪಟ್ಟಿ. ಗಿಡ ಉದ್ದವಾದರೆ ಕಾಂಡವನ್ನು ‘ವಿ’ ಅಥವಾ ‘ಎನ್’ ಆಕಾರಕ್ಕೆ ಬಗ್ಗಿಸುತ್ತಾರೆ. ಒಂದೆರಡು ಎಲೆಯನ್ನು ತಿರುವಿ ಹಾಕುವುದು ಕಡ್ಡಾಯ, ಬೆನ್ನಿನ ನರ, ರೋಮ ಕಾಣಬೇಕಲ್ಲ. ಮರುದಿನ ಪೇಪರು ಬದಲಾಯಿಸುವಾಗ ಗಿಡ ಬಾಡಿ ಮೆತ್ತಗಾಗಿರುತ್ತದೆ. ಮಡಿಚಿಕೊಂಡ ಎಲೆಯನ್ನು ಬಿಡಿಸಲು, ದಳವನ್ನು ಹರಡಲು ಸಿಗುವ ಕೊನೆಯ ಅವಕಾಶ ಅದು. ಆಮೇಲೆ ಮುಟ್ಟಿದರೆ ಪುಡಿಯಾಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ದಿನಾ ಪೇಪರು ಬದಲಾಯಿಸಿದರೂ ಸಾಲದೆ ಪ್ರೆಸ್ಸನ್ನು ಒಲೆಯ ಪಕ್ಕ ಇಟ್ಟು ಕಾಯಿಸುವುದುಂಟು. ಒಣಗಿತೇ ಎಂದು ತಿಳಿಯಲು ಮೇಷ್ಟ್ರು ಗಿಡವನ್ನು ಮೆಲ್ಲಗೆ ಕೆನ್ನೆಗೆ ತಾಗಿಸುತ್ತಿದ್ದರು. ತಣ್ಣಗೆ ತಾಕಿದರೆ ಒಳಗೆ ಇನ್ನೂ ನೀರಿದೆ ಎಂದರ್ಥ.

ಒಣಗಿದ ಗಿಡವನ್ನು ಸುಮಾರು 42 ಸೆಂ.ಮೀ. ಉದ್ದ, 28 ಸೆಂ.ಮೀ. ಅಗಲದ ದಪ್ಪ ಹಾಳೆಗೆ ಅಂಟಿಸಿ, ದಪ್ಪ ಕಡ್ಡಿಗಳನ್ನು ದಾರದಿಂದ ಹೊಲಿಯುತ್ತಾರೆ. ಬಲಗಡೆ ಕೆಳಮೂಲೆಯಲ್ಲಿ ಚೀಟಿ: ಹೆಸರು, ಫ್ಯಾಮಿಲಿ, ಸ್ಥಳ, ದಿನಾಂಕ, ಸಂಗ್ರಹಿಸಿದವರ ಹೆಸರು, ಅವರ ಕ್ರಮಸಂಖ್ಯೆ. ಈ ಸಂಖ್ಯೆ 1ರಿಂದ ಹೊರಟು ಬದುಕಿನುದ್ದಕ್ಕೂ ಮುಂದುವರಿಯುತ್ತದೆ. ಊರು ಬದಲಾದರೂ, ಕೆಲಸ ಬದಲಾದರೂ ಮತ್ತೆ 1ಕ್ಕೆ ಮರಳುವುದಿಲ್ಲ. ಹುಳು ತಿನ್ನದಂತೆ ಹಿಂದೆಲ್ಲ ಪಾದರಸದ ಕ್ಲೋರೈಡನ್ನು ಬಳಿಯುತ್ತಿದ್ದರು. ಅದು ವಿಷ, ಆದ್ದರಿಂದ ಹಳೆಯ ಹಾಳೆ ಮುಟ್ಟಿದವರು ಕೈ ತೊಳೆಯಲೇಬೇಕು. ಈಗ ಅನೇಕ ಕಡೆ ಕಟ್ಟುಗಳನ್ನು ಫ್ರೀಜರಿನಲ್ಲಿಟ್ಟು ಹುಳು ಸಾಯಿಸುತ್ತಾರೆ.

ತುಂಬೆಯ ಒಳಗೆ

ಎರಡನೆಯ ಸಲ ತುಂಬೆ ತಂದಾಗ ಒತ್ತುವ ಮೊದಲು ಅದನ್ನು ಲ್ಯಾಬಿನಲ್ಲಿ ಬಿಡಿಸಿ ನೋಡಬೇಕಾಯಿತು. ಕಾಂಡವನ್ನು ಬೆರಳ ನಡುವೆ ಹೊರಳಿಸಿದರೆ ಉರುಳುವುದಿಲ್ಲ, ನಾಲ್ಕು ಮೂಲೆ ತಾಕುತ್ತದೆ. ಎಲೆಗಳು ಎದುರುಬದುರು ಜೋಡಿ. ಕೆಳಗಿನ ಜೋಡಿ ಪೂರ್ವ ಪಶ್ಚಿಮವಾದರೆ ಮೇಲಿನದು ಉತ್ತರ ದಕ್ಷಿಣ. ಬಿಳಿ ಹೂವಿಗೆ ಎರಡು ತುಟಿ. ಮೇಲಿನದು ಪುಟ್ಟ ಕುಲಾವಿ, ಮೈತುಂಬ ಬಿಳಿ ರೋಮ. ಕೆಳಗಿನದು ಅಗಲವಾಗಿ ಚಾಚಿದ ಜಗಲಿ, ಜೇನುನೊಣ ಬಂದು ಕೂರುವುದು ಅಲ್ಲಿಯೇ. ಕುಲಾವಿಯ ಮರೆಯಲ್ಲಿ ನಾಲ್ಕು ಕೇಸರ, ಎರಡು ಉದ್ದ, ಎರಡು ಗಿಡ್ಡ. ಸೂಜಿಯಿಂದ ಬುಡ ಬಿಡಿಸಿ ಲೆನ್ಸ್ ಹಿಡಿದರೆ ಅಂಡಾಶಯ ನಾಲ್ಕು ಉಂಡೆಗಳಾಗಿ ನಿಂತಿದೆ, ಶಲಾಕೆ ಅವುಗಳ ನೆತ್ತಿಯಿಂದ ಹೊರಡದೆ ನಡುವಿನ ಬುಡದಿಂದ ಎದ್ದಿದೆ.

ಅದನ್ನು ಕಂಡ ದಿನ ಮನೆಗೆ ಹೋಗಿ ತುಳಸಿಕಟ್ಟೆಯ ಮುಂದೆ ಕೂತೆ. ಅದೇ ಚೌಕ ಕಾಂಡ, ಅದೇ ಜೋಡಿ ಎಲೆ. ಅಡುಗೆಮನೆಯ ಪುದೀನ, ಹಿತ್ತಲಿನ ದೊಡ್ಡಪತ್ರೆಗಳಲ್ಲೂ ಅದೇ. ಅವೆಲ್ಲ ಒಂದೇ ಫ್ಯಾಮಿಲಿ, ಲ್ಯಾಮಿಯೇಸೀ. ನಮ್ಮ ಕಾಲೇಜುಗಳು ಬಹುಕಾಲ ಪಾಠ ಮಾಡಿದ ಬೆಂಥಮ್ ಮತ್ತು ಹೂಕರ್ ಪದ್ಧತಿಯಲ್ಲಿ ತೇಗದ ಮರ ಬೇರೆ ಫ್ಯಾಮಿಲಿಯಲ್ಲಿತ್ತು. ಹೊಸ ಸಂಶೋಧನೆಗಳು ಅದನ್ನು ತುಂಬೆಯ ಮನೆಗೇ ಸೇರಿಸಿವೆ. ತೇಗದ ಎಳೆಯ ರೆಂಬೆಯನ್ನು ಮುಟ್ಟಿ ನೋಡಿ, ನಾಲ್ಕು ಮೂಲೆ ಸಿಗುತ್ತವೆ. ಹರ್ಬೇರಿಯಂನ ಹಾಳೆಗಳನ್ನು ಪುಸ್ತಕದಂತೆ ಬೈಂಡ್ ಮಾಡದೆ ಬಿಡಿಯಾಗಿ ಇಡುವುದು ಇದಕ್ಕೇ. ತಿಳಿವಳಿಕೆ ಬದಲಾದ ದಿನ ಹಾಳೆಯನ್ನು ಒಂದು ಬೀರುವಿನಿಂದ ಇನ್ನೊಂದಕ್ಕೆ ಸರಿಸಬಹುದು. ಈಗ ಎಲ್ಲೆಡೆ ನಡೆದಿರುವ ಎರಡು ಪದಗಳ ಹೆಸರನ್ನು 1753ರ ತನ್ನ ಗ್ರಂಥದಲ್ಲಿ ನೆಲೆಗೊಳಿಸಿದ ಸ್ವೀಡನ್ನಿನ ಲಿನೇಯಸ್ ಕೂಡ ತನ್ನ ಹಾಳೆಗಳನ್ನು ಬಿಡಿಯಾಗಿಯೇ ಇಟ್ಟಿದ್ದ.

ಹೆಸರಿನ ಹೊಣೆ

ಹೆಸರು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಅಶೋಕವೇ ಸಾಕ್ಷಿ. ಆಯುರ್ವೇದದಲ್ಲಿ ತೊಗಟೆ ಬಳಸುವ ಅಶೋಕ ಹುಣಸೆ, ಹೊಂಗೆಗಳ ಬಳಗದ್ದು, ರೆಂಬೆಗೆ ಅಂಟಿಕೊಂಡಂತೆ ಕಿತ್ತಳೆಗೆಂಪಿನ ಹೂಗೊಂಚಲು ಬಿಡುತ್ತದೆ. ಬಡಾವಣೆಗಳ ಕಾಂಪೌಂಡಿನ ಸಾಲಿನಲ್ಲಿ ಕಂಬದಂತೆ ನಿಂತಿರುವ, ಅಲೆಯಲೆಯಾದ ಅಂಚಿನ ಎಲೆಯ ಮರವನ್ನೂ ಜನ ಅಶೋಕ ಎನ್ನುತ್ತಾರೆ. ಅದು ಸೀತಾಫಲದ ನೆಂಟ. ಮಾರುಕಟ್ಟೆಯಲ್ಲಿ ಈ ಸಾಲುಮರದ ತೊಗಟೆ ಔಷಧದ ಅಶೋಕದ ಹೆಸರಿನಲ್ಲಿ ಸೇರಿಕೊಳ್ಳುವುದು ಗಿಡಮೂಲಿಕೆ ವ್ಯಾಪಾರದ ಹಳೆಯ ಪೀಡೆ. ಈ ಜಗಳ ತೀರಿಸಲು ಕೊನೆಗೆ ಬೇಕಾಗುವುದು ಸರಿಯಾಗಿ ಗುರುತಿಸಿ ಇಟ್ಟ ಹಾಳೆಯೇ. ಹೊಸ ಪ್ರಭೇದವೊಂದಕ್ಕೆ ಹೆಸರಿಡುವವರು ಆಧಾರವಾಗಿ ಒಂದು ಸ್ಪೆಸಿಮೆನ್ ಗೊತ್ತುಪಡಿಸಿ ಹರ್ಬೇರಿಯಂಗೆ ಒಪ್ಪಿಸಬೇಕು. ಅದಕ್ಕೆ ‘ಟೈಪ್’ ಎನ್ನುತ್ತಾರೆ. ನೂರಾರು ವರ್ಷ ಕಳೆದರೂ ಆ ಹೆಸರಿಗೆ ಆ ಹಾಳೆಯೇ ಪ್ರಮಾಣ.

ನಮ್ಮಲ್ಲಿರುವ ಬೀರುಗಳು

ದೇಶದ ಅತಿ ದೊಡ್ಡ ಸಂಗ್ರಹ ಹೌರಾದ ಶಿಬ್‌ಪುರದಲ್ಲಿದೆ. ಕೇಂದ್ರೀಯ ರಾಷ್ಟ್ರೀಯ ಹರ್ಬೇರಿಯಂನಲ್ಲಿ ಸುಮಾರು 20 ಲಕ್ಷ ಹಾಳೆಗಳಿವೆ. ಬೆಂಗಳೂರಿನಲ್ಲಿ ಔಷಧೀಯ ಸಸ್ಯಗಳಿಗಾಗಿಯೇ ಎಫ್‌ಆರ್‌ಎಲ್‌ಎಚ್‌ಟಿ ಸಂಸ್ಥೆಯ ಹರ್ಬೇರಿಯಂ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ‘ಜೆಸಿಬಿ’ ಹರ್ಬೇರಿಯಂ ಕರ್ನಾಟಕದ ಸಸ್ಯಗಳನ್ನು ತಿಳಿಯಬಯಸುವವರು ಹುಡುಕಿಕೊಂಡು ಹೋಗುವ ಜಾಗ. ಅಲ್ಲಿನ ಹಾಳೆಗಳ ಚಿತ್ರಗಳನ್ನು ಈಗ ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ನೋಡಬಹುದು. ಆ ಮೂರಕ್ಷರದಲ್ಲಿ ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜಿನ ಹೆಸರಿದೆ. ಅಲ್ಲಿ ಪಾಠ ಹೇಳಿದ ಫಾದರ್ ಸೆಸಿಲ್ ಸಲ್ಡಾನ್ಹಾ ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ಡ್ಯಾನ್ ನಿಕೋಲ್ಸನ್ ಅವರೊಂದಿಗೆ ಹೊರತಂದ ಹಾಸನ ಜಿಲ್ಲೆಯ ಸಸ್ಯಸಂಪತ್ತಿನ ಗ್ರಂಥ 1976ರದು. ಗೊರೂರಿನಲ್ಲಿ ಹೇಮಾವತಿಯ ಅಣೆಕಟ್ಟು ಮುಗಿದದ್ದು 1979ರಲ್ಲಿ. ಹಿನ್ನೀರು ನಿಲ್ಲುವ ಮೊದಲಿನ ಹಾಸನದಲ್ಲಿ ಏನೇನು ಬೆಳೆಯುತ್ತಿತ್ತು ಎಂದು ಯಾರಾದರೂ ಕೇಳಿದರೆ ಕೈತೋರಿಸಲು ಆ ಪುಸ್ತಕವಿದೆ. ಮುಂದೆ ಇಡೀ ರಾಜ್ಯದ ಸಸ್ಯಗಳ ಗ್ರಂಥವನ್ನು ಸಲ್ಡಾನ್ಹಾ ಆರಂಭಿಸಿದರು. ಅದರ ಸಂಪುಟಗಳು 1984 ಮತ್ತು 1996ರಲ್ಲಿ ಬಂದವು.

ಸಸ್ಯಶಾಸ್ತ್ರ ಓದುವುದೆಂದರೇನು ಎಂದು ಕನ್ನಡಿಗರಿಗೆ ಮನೆಮಾತಿನಲ್ಲಿ ತೋರಿಸಿದವರು ಬಿ.ಜಿ.ಎಲ್. ಸ್ವಾಮಿ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, ಹಾರ್ವರ್ಡ್‌ನಲ್ಲಿ ಸಂಶೋಧನೆ ಮಾಡಿ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿ, ಪ್ರಾಂಶುಪಾಲರಾಗಿ ಇದ್ದವರು ಅವರು. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಬೆಟ್ಟ ಅಲೆದ ಅನುಭವವನ್ನು ತಾವೇ ಬರೆದ ಚಿತ್ರಗಳೊಂದಿಗೆ ‘ಹಸುರು ಹೊನ್ನು’ ಆಗಿಸಿದರು. ಅದಕ್ಕೆ 1978ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದನ್ನು ಓದಿ ಸಸ್ಯಶಾಸ್ತ್ರ ಆರಿಸಿಕೊಂಡವರಲ್ಲಿ ನಾನೂ ಒಬ್ಬಳು.

ಇಂದು ಓದುವವರಿಗೆ

ಈಗಿನ ಪಠ್ಯದಲ್ಲಿ ಡಿಎನ್‌ಎ, ಅಂಗಾಂಶ ಕೃಷಿ, ಜೈವಿಕ ತಂತ್ರಜ್ಞಾನ ದೊಡ್ಡ ಪಾಲು ಪಡೆದಿವೆ. ಪಡೆಯಬೇಕಾದದ್ದೇ. ಆದರೆ ಯಾವುದೋ ಎಲೆಯ ಡಿಎನ್‌ಎ ಓದಿಕೊಂಡರೆ ಆಯಿತೇ? ಆ ಎಲೆ ಯಾವ ಗಿಡದ್ದು ಎಂದು ಮುಂದೆ ಯಾರಾದರೂ ಅನುಮಾನಿಸಿದರೆ ತೆಗೆದು ತೋರಿಸಲು ಒಂದು ಹಾಳೆ ಇರಲೇಬೇಕು. ಹೂ ಬಿಡುವ ಕಾಲ ಹಿಂದೆ ಮುಂದೆ ಆಗುತ್ತಿದೆಯೇ ಎಂದು ಹುಡುಕುವವರು ಇಂದು ತಿರುವುವುದು ನೂರು ವರ್ಷದ ಹಿಂದೆ ಯಾರೋ ಶ್ರದ್ಧೆಯಿಂದ ಬರೆದ ದಿನಾಂಕಗಳನ್ನೇ. ಬರೆದವರಿಗೆ ಹವಾಮಾನ ಬದಲಾವಣೆಯ ಮಾತೇ ಗೊತ್ತಿರಲಿಲ್ಲ. ಕಂಡದ್ದನ್ನು ಕಂಡಂತೆ ಬರೆದರು, ಅಷ್ಟೇ. ಆದ್ದರಿಂದ ಡಿಗ್ರಿ ಓದುವ ಮಕ್ಕಳಿಗೆ ನಾನು ಹೇಳುವುದು ಒಂದೇ ಮಾತು: ಅಂಗಡಿಯಲ್ಲಿ ಸಿಗುವ, ಸೀನಿಯರ್ ಕೊಡುವ ಸಿದ್ಧ ಹರ್ಬೇರಿಯಂ ತಂದು ಒಪ್ಪಿಸಬೇಡಿ. ಹತ್ತೇ ಗಿಡವಾದರೂ ನೀವೇ ಕಿತ್ತದ್ದಾಗಿರಲಿ.

ನನ್ನ ಎರಡನೆಯ ತುಂಬೆಗೆ ಒಂಬತ್ತು ದಿನ ಪೇಪರು ಬದಲಾಯಿಸಿದೆ. ಬಿಳಿ ಹೂ ಈಗ ಕಂದಾಗಿದೆ; ಚೀಟಿಯಲ್ಲಿ ಬರೆದಿರುವುದರಿಂದ ಅದು ಬಿಳಿ ಎಂದು ಮುಂದಿನವರಿಗೂ ತಿಳಿಯುತ್ತದೆ. ಕೆಳಮೂಲೆಯಲ್ಲಿ ಊರು, ಬದು, ದಿನಾಂಕ, ನನ್ನ ಹೆಸರು, ಅದರ ಪಕ್ಕ ಸಂಖ್ಯೆ 1. ಬೂಷ್ಟು ಹಿಡಿದ ಮೊದಲನೆಯದಕ್ಕೆ ಸಂಖ್ಯೆಯಿಲ್ಲ.