ಸಮಸ್ಯಾಧಾರಿತ ಕಲಿಕೆ: ಪ್ರಾಥಮಿಕ ಹಂತದ ಆಸಕ್ತಿ ಮತ್ತು ಸಾಧನೆ

ಪುಸ್ತಕದ ಲೆಕ್ಕವನ್ನು ತಪ್ಪಿಲ್ಲದೆ ಬಿಡಿಸುವ ಮಗು ಅದೇ ಲೆಕ್ಕವನ್ನು ಅಂಗಡಿಯ ಮುಂದೆ ಬಳಸಲಾರದೆ ನಿಲ್ಲುವುದು ಪ್ರಾಥಮಿಕ ಶಿಕ್ಷಣದ ಹಳೆಯ ತೊಡಕು. ಸೂತ್ರವನ್ನು ಮೊದಲು ಹೇಳಿ ಅನ್ವಯವನ್ನು ಅನಂತರ ಕೇಳುವ ಬೋಧನಾಕ್ರಮ ಇದಕ್ಕೆ ಒಂದು ಕಾರಣ. ಈ ಕ್ರಮವನ್ನು ತಿರುಗಿಸಿ, ಸಮಸ್ಯೆಯಿಂದಲೇ ಕಲಿಕೆಯನ್ನು ಆರಂಭಿಸುವುದು ಸಮಸ್ಯಾಧಾರಿತ ಕಲಿಕೆಯ ತಿರುಳು. 1960ರ ದಶಕದ ಕೊನೆಯಲ್ಲಿ ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ವೈದ್ಯಕೀಯ ಶಿಕ್ಷಣದಲ್ಲಿ ರೂಪುಗೊಂಡ ಈ ವಿಧಾನವು ಕಾಲಕ್ರಮೇಣ ಶಾಲೆಗಳಿಗೂ ಹಬ್ಬಿತು.

ಮೈಸೂರು ಸೀಮೆಗೆ ಇದರ ನೆರೆಯ ಪರಂಪರೆಯೊಂದಿದೆ. ಆಂಧ್ರಪ್ರದೇಶದ ಋಷಿವ್ಯಾಲಿಯ ಪ್ರಯೋಗದಿಂದ ಪ್ರೇರಿತವಾಗಿ, ಯುನಿಸೆಫ್ ನೆರವಿನೊಂದಿಗೆ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಆರಂಭವಾದ 'ನಲಿ-ಕಲಿ'ಯು 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳತರಗತಿಗಳಿಗೆ ವಿಸ್ತರಿಸಿತು. ಕಲಿಕಾ ಏಣಿ, ಮೈಲಿಗಲ್ಲು, ಕಾರ್ಡುಗಳ ಮೂಲಕ ಪ್ರತಿ ಮಗುವೂ ತನ್ನ ವೇಗದಲ್ಲಿ ಮುನ್ನಡೆಯಲು, ಸಹಪಾಠಿಗಳಿಂದ ಕಲಿಯಲು ಅದು ಅವಕಾಶ ನೀಡಿತು. ಆದರೆ ಎರಡೂ ಒಂದೇ ಅಲ್ಲ. ನಲಿ-ಕಲಿಯಲ್ಲಿ ಮುಂದಿನ ಹೆಜ್ಜೆಯನ್ನು ಏಣಿ ಸೂಚಿಸುತ್ತದೆ. ಸಮಸ್ಯಾಧಾರಿತ ಕಲಿಕೆಯಲ್ಲಿ ಮಕ್ಕಳೇ ಅದನ್ನು ಹುಡುಕಬೇಕಾಗುತ್ತದೆ.

ಮೈಸೂರಿನ ಮಕ್ಕಳಿಗೆ ಪರಿಚಿತವಾದ ನಿದರ್ಶನವೊಂದನ್ನು ನೋಡಬಹುದು. ಮಲ್ಲಿಗೆಯ ಮಾಲೆಯನ್ನು ಮೊಳದ ಲೆಕ್ಕದಲ್ಲಿ ಮಾರುವುದು ರೂಢಿ. 'ಇಬ್ಬರು ಮಾರುವವರಲ್ಲಿ ಒಂದೇ ಬೆಲೆಗೆ ಒಂದೊಂದು ಮೊಳ ಕೊಂಡರೆ ಹೂವು ಸಮನಾಗಿ ದೊರೆಯುವುದೇ?' ಎಂದು ನಾಲ್ಕನೆಯ ತರಗತಿಯನ್ನು ಕೇಳಬಹುದು. ಮಕ್ಕಳು ಪರಸ್ಪರರ ಮೊಳಗಳನ್ನು ದಾರದಿಂದ ಅಳೆದು, ಕೋಷ್ಟಕದಲ್ಲಿ ಬರೆದು, ವ್ಯತ್ಯಾಸವನ್ನು ಕಂಡಾಗ ಸೆಂಟಿಮೀಟರಿನ ಅಗತ್ಯ ತಾನಾಗಿ ಮೂಡುತ್ತದೆ. ಹೂವನ್ನು ಎಷ್ಟು ಒತ್ತಾಗಿ ಕಟ್ಟಲಾಗಿದೆ ಎಂಬ ಪ್ರಶ್ನೆಯನ್ನು ಯಾರಾದರೂ ಎತ್ತಿದರೆ, ಉದ್ದವೊಂದೇ ಸಾಲದೆಂಬ ಅರಿವೂ ಉಂಟಾಗುತ್ತದೆ. ಇಲ್ಲಿ ಮಾನಕವು ಹೇರಿದ ನಿಯಮವಾಗಿರದೆ, ತಕರಾರೊಂದರ ಪರಿಹಾರವಾಗಿ ಬರುತ್ತದೆ.

ಆಸಕ್ತಿಯ ಮೂಲವೂ ಇದೇ. ದಾರಿಯನ್ನು ತಾನೇ ಆಯ್ದ ಭಾವ, ತನ್ನಿಂದ ಸಾಧ್ಯವೆಂಬ ಭರವಸೆ, ಗೆಳೆಯರೊಡನೆಯ ಒಡನಾಟ ಇವು ಒಳಗಿನ ಪ್ರೇರಣೆಯನ್ನು ಬೆಳೆಸುತ್ತವೆಂದು ಡೆಸಿ ಮತ್ತು ರಯಾನ್ ಪ್ರತಿಪಾದಿಸಿದ್ದಾರೆ. ಆದರೆ ಆಸಕ್ತಿ ಮೂಡಿದ ಮಾತ್ರಕ್ಕೆ ಸಾಧನೆ ಒದಗುವುದಿಲ್ಲ. ಮಾರ್ಗದರ್ಶನ ಕಡಿಮೆಯಾದ ಬೋಧನೆಯು ಹೊಸಬರ ಸ್ಮೃತಿಗೆ ಹೊರೆಯಾಗುತ್ತದೆಂದು ಕಿರ್ಶ್ನರ್, ಸ್ವೆಲ್ಲರ್ ಮತ್ತು ಕ್ಲಾರ್ಕ್ 2006ರಲ್ಲಿ ಆಕ್ಷೇಪಿಸಿದರು. ಮರುವರ್ಷವೇ ಮೆಲೊ-ಸಿಲ್ವರ್ ಮತ್ತು ಸಂಗಡಿಗರು, ಈ ವಿಧಾನದಲ್ಲಿ ಮಾರ್ಗದರ್ಶನ ಹೇರಳವಾಗಿ ಅಡಕವಾಗಿದೆಯೆಂದು ಉತ್ತರಿಸಿದರು. ಎಳೆಯ ಮಕ್ಕಳ ಮಟ್ಟಿಗೆ ಈ ವಾದದ ಸಾರ ಸ್ಪಷ್ಟವಾಗಿದೆ: ಅಳತೆಪಟ್ಟಿಯನ್ನು ಓದಲು ಬಾರದ ಮಗುವಿಗೆ ಅದನ್ನು ನೇರವಾಗಿ ಕಲಿಸಲೇಬೇಕು, ಆದರೆ ಮೊಳಗಳ ವ್ಯತ್ಯಾಸಕ್ಕೆ ಕಾರಣವನ್ನು ಶಿಕ್ಷಕರು ಮೊದಲೇ ಹೇಳಿಬಿಡಬಾರದು.

ಮೌಲ್ಯಮಾಪನವೂ ಇದಕ್ಕೆ ಅನುಗುಣವಾಗಿರಬೇಕು. ಅಂತಿಮ ಉತ್ತರಕ್ಕಷ್ಟೇ ಅಂಕ ನೀಡಿದರೆ ಮಕ್ಕಳು ಉತ್ತರವನ್ನಷ್ಟೇ ಹುಡುಕುತ್ತಾರೆ. ಅಲ್ಲದೆ ಗುಂಪಿನ ಯಶಸ್ಸಿನ ಮರೆಯಲ್ಲಿ ಹಿಂದುಳಿದ ಮಗು ಕಾಣದೆ ಹೋಗುವುದರಿಂದ ಪ್ರತಿ ಮಗುವಿನ ಕಲಿಕೆಯನ್ನೂ ಪ್ರತ್ಯೇಕವಾಗಿ ಪರಿಶೀಲಿಸುವುದು ಅಗತ್ಯ. ಪ್ರಯೋಗಶಾಲೆಯನ್ನು ಹೊಂದಿರುವ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಂತಹ ನೆಲೆಗಳು ಕನ್ನಡದಲ್ಲಿ ಇಂತಹ ಸ್ಥಳೀಯ ಸಮಸ್ಯೆಗಳನ್ನು ರೂಪಿಸಿ, ತರಗತಿಗಳಲ್ಲಿ ಪರೀಕ್ಷಿಸಿ ದಾಖಲಿಸಿದರೆ, ನಲಿ-ಕಲಿ ತೆರೆದ ಹಾದಿ ಮೇಲಿನ ತರಗತಿಗಳಿಗೂ ಮುಂದುವರಿದೀತು.